ಅಕ್ಕನ ಮಗನಿಗೆ ಹಳೆಯ ಕೊರೊಲಾ

ಕಳೆದ ಸಂಚಿಕೆಯಲ್ಲಿ ಇಲ್ಲಿನ ಮನೆ ಬಾಡಿಗೆಯ ಗೋಳು ಬರೆದಿದ್ದೆವು. ಓದಿದ ಮೇಲೆ ಶಾರ್ಜಾದಿಂದ, ದೋಹಾದಿಂದ, ಮಸ್ಕತ್‌ನಿಂದ ಫೋನ್ ಮಾಡಿದವರು ಬಾಡಿಗೆಯ ಬಗ್ಗೆ ಎರಡು ಮಾತಾಡಿ, ಕೊನೆಗೆ ಕೇಳಿದ್ದು ಮಾತ್ರ ಒಂದೇ: "ಅದಿರಲಿ, ಅಲ್ಲಿ ಗಾಡಿ ಯಾವುದು?" ಹನ್ನೆರಡು ವರ್ಷ ನಿಮ್ಮೊಡನೆಯೇ ಗಲ್ಫಿನಲ್ಲಿದ್ದವರು ನಾವು. ಈ ಪ್ರಶ್ನೆ ಬಂದೇ ಬರುತ್ತದೆಂದು ಗೊತ್ತಿತ್ತು. ಆದ್ದರಿಂದ ಈ ಸಲ ಗಾಡಿಯ ಕತೆ.

ನಮ್ಮದು 2003ರ ಟೊಯೊಟಾ ಕೊರೊಲಾ. ನಗಬೇಡಿ. ಸ್ಯಾನ್ ಫ್ರಾನ್ಸಿಸ್ಕೊ ಬೇ ಏರಿಯಾ ಎಂದರೆ ಎಲ್ಲರ ಮನೆಯ ಮುಂದೆಯೂ ಹೊಸ ಹೊಸ ಕಾರು ಮಿಂಚುತ್ತದೆಂದು ನೀವು ತಿಳಿದಿರಬಹುದು. ಮಿಂಚುವುದು ನಿಜ, ಹೆಚ್ಚಿನವು ಸಾಲದಲ್ಲಿ ಮಿಂಚುತ್ತವೆ. 2013ರಲ್ಲಿ ಇಲ್ಲಿಗೆ ಬಂದಾಗ ಕೈಯಲ್ಲಿದ್ದ ದುಡ್ಡಿಗೆ ಸಿಕ್ಕಿದ್ದು ಹತ್ತು ವರ್ಷ ಹಳೆಯ ಈ ಕೊರೊಲಾ. ಆಗಲೇ ತೊಂಬತ್ತೆರಡು ಸಾವಿರ ಮೈಲಿ ಓಡಿತ್ತು, ಈಗ ಎರಡು ಲಕ್ಷ ದಾಟಿದೆ. ಕನ್ನಡ ಕೂಟದ ಯುಗಾದಿ ಊಟಕ್ಕೆ ಬಿಸಿಬೇಳೆಬಾತಿನ ಪಾತ್ರೆ ಹೊತ್ತು ಹೊತ್ತು ಡಿಕ್ಕಿಗೆ ಇಂಗಿನ ವಾಸನೆ ಹಿಡಿದಿದೆ. ಅದು ಹೋಗುವುದಿಲ್ಲ, ಹೋಗಲಿ ಎಂಬ ಆಸೆಯೂ ನಮಗಿಲ್ಲ.

ಕೊಂಡು ಎಷ್ಟೋ ವರ್ಷದ ಮೇಲೆ ಅದರ ಒಂದು ಗುಟ್ಟು ತಿಳಿಯಿತು. ಮುಂದಿನ ಗಾಜಿನ ಕೆಳಮೂಲೆಯಲ್ಲಿ ಹದಿನೇಳು ಅಕ್ಷರ ಅಂಕಿಗಳ ಗುರುತಿನ ಸಂಖ್ಯೆ ಇರುತ್ತದಲ್ಲ, ನಮ್ಮದು '1ಎನ್‌ಎಕ್ಸ್' ಎಂದು ಶುರುವಾಗುತ್ತದೆ. ಜಪಾನಿನಲ್ಲಿ ಮಾಡಿದ್ದಾದರೆ 'ಜೆ' ಇರಬೇಕಿತ್ತು. ಒಂದು ಎಂದರೆ ಅಮೆರಿಕ. ವಿಚಾರಿಸಿದರೆ ಕಾರು ಹುಟ್ಟಿದ್ದು ನಮ್ಮದೇ ಊರು ಫ್ರೀಮಾಂಟ್‌ನಲ್ಲಿ, ನಾವು ಪ್ರತಿದಿನ ದಾಟುವ 880ನೇ ಹೆದ್ದಾರಿಯ ಪಕ್ಕದ ಕಾರ್ಖಾನೆಯಲ್ಲಿ! ಜನರಲ್ ಮೋಟಾರ್ಸ್ 1962ರಲ್ಲಿ ತೆರೆದು 1982ರಲ್ಲಿ ಮುಚ್ಚಿದ್ದ ಆ ಕಾರ್ಖಾನೆಯನ್ನು 1984ರಲ್ಲಿ ಟೊಯೊಟಾ ಜೊತೆ ಸೇರಿ 'ನಮ್ಮಿ' ಎಂಬ ಹೆಸರಿನಲ್ಲಿ ಮತ್ತೆ ತೆರೆದರು. (ಹೆಸರೇ ನಮ್ಮದೆನಿಸುವಂತಿದೆ.) 2010ರ ಏಪ್ರಿಲ್ ಒಂದರಂದು ಅದೂ ಮುಚ್ಚಿತು. ಸುಮಾರು 4,700 ಜನರಿಗೆ ಕೆಲಸ ಹೋಯಿತು. ಕಡೆಗೆ ಹೊರಬಂದದ್ದು ಒಂದು ಕೆಂಪು ಕೊರೊಲಾ. ಕಂಪನಿ ಮುಚ್ಚಿ ಒಂದೇ ದಿನದಲ್ಲಿ ವೀಸಾ, ಮನೆ, ಮಕ್ಕಳ ಶಾಲೆ ಎಲ್ಲ ಅಲ್ಲಾಡಿದ್ದನ್ನು ಕಂಡ ನಿಮಗೆ ಆ ದಿನ ಅಲ್ಲಿ ಹೇಗಿತ್ತೆಂದು ವಿವರಿಸಬೇಕಾಗಿಲ್ಲ. ಅದೇ ವರ್ಷ ಟೆಸ್ಲಾ ಆ ಜಾಗ ಕೊಂಡಿತು. 2012ರಿಂದ ಅಲ್ಲಿ ಬ್ಯಾಟರಿ ಕಾರು ತಯಾರಾಗುತ್ತಿವೆ.

ಈ ವರ್ಷ ನಾವೂ ಒಂದು ಟೆಸ್ಲಾ ಕೊಂಡೆವು. ಹೊಸದಲ್ಲ, ನಾಲ್ಕು ವರ್ಷ ಹಳೆಯದು. ಪೆಟ್ರೋಲು ಗ್ಯಾಲನ್ನಿಗೆ ಐದು ಡಾಲರಿನ ಆಸುಪಾಸು, ಗ್ಯಾಲನ್ ಎಂದರೆ ಮೂರೂಮುಕ್ಕಾಲು ಲೀಟರು. ಲೆಕ್ಕ ಹಾಕಿ ನೋಡಿ, ನಿಮಗೆ ಎದೆ ಧಸಕ್ಕೆನ್ನುತ್ತದೆ. ಹಾಗೆಂದು ಬ್ಯಾಟರಿ ಕಾರು ಪುಕ್ಕಟೆ ಓಡುವುದಿಲ್ಲ. ಪೆಟ್ರೋಲ್ ತೆರಿಗೆ ಕಟ್ಟುವುದಿಲ್ಲವಲ್ಲ ಎಂದು ನೋಂದಣಿಯ ಜೊತೆಗೆ ವರ್ಷಕ್ಕೆ ನೂರು ಡಾಲರಿಗೂ ಹೆಚ್ಚು ಪ್ರತ್ಯೇಕ ರಸ್ತೆ ಶುಲ್ಕ ಹಾಕುತ್ತಾರೆ. ಅಪಾರ್ಟ್‌ಮೆಂಟಿನಲ್ಲಿ ಚಾರ್ಜ್ ಮಾಡುವ ಜಾಗವಿಲ್ಲದ ನಮ್ಮಂಥವರು ಮಾಲ್‌ನ ಪಾರ್ಕಿಂಗಿನಲ್ಲಿ ಪುಸ್ತಕ ಓದುತ್ತ ಕೂರಬೇಕು. ನಮ್ಮಲ್ಲೊಬ್ಬರು ಹೀಗೇ ಕೂತು ಮೂರು ಕಾದಂಬರಿ ಮುಗಿಸಿದ್ದಾರೆ.

ಅದಿರಲಿ. ಹಳೆಯದನ್ನು ಏನು ಮಾಡುವುದು ಎಂಬುದರಲ್ಲಿ ನಮಗೆ ಸಂಶಯವೇ ಇರಲಿಲ್ಲ. ಅದು ಅಕ್ಕನ ಮಗನಿಗೆ.

ಶಾರ್ಜಾದಲ್ಲಿರುವ ನಮ್ಮ ಬಾವನನ್ನು ನಿಮ್ಮಲ್ಲಿ ಕೆಲವರು ಬಲ್ಲಿರಿ. ಜೆಬೆಲ್ ಅಲಿ ಬಂದರಿನಿಂದ ಕಂಟೇನರ್ ಹೊರುವ ಟ್ರೈಲರ್ ಓಡಿಸುತ್ತ ಇಪ್ಪತ್ತಾರು ವರ್ಷ ಕಳೆದವರು. ಸ್ವಂತಕ್ಕೊಂದು ಕಾರು ಇವತ್ತಿಗೂ ಇಲ್ಲ. ನಾವು ಅಲ್ಲಿಗೆ ಬಂದ ಹೊಸದರಲ್ಲಿ ನಮ್ಮಲ್ಲೊಬ್ಬರು ಡ್ರೈವಿಂಗ್ ಟೆಸ್ಟಿನಲ್ಲಿ ನಾಲ್ಕು ಸಲ ಫೇಲಾದರು (ಯಾರೆಂದು ಬರೆಯಬಾರದೆಂದು ಮನೆಯಲ್ಲಿ ಒಪ್ಪಂದವಾಗಿದೆ). ಪ್ರತಿ ಸಲವೂ ಮತ್ತೆ ಕ್ಲಾಸು, ಮತ್ತೆ ಫೀಸು. ಮೂರನೆಯ ಸಲದಿಂದಾಚೆಗೆ ಕಟ್ಟಿದ್ದು ಬಾವ. ವಾಪಸು ಕೊಡಲು ಹೋದರೆ, "ಲೈಸೆನ್ಸ್ ಸಿಕ್ಕಿದ ಮೇಲೆ ನನ್ನನ್ನು ಒಂದು ಸುತ್ತು ಕರಕೊಂಡು ಹೋಗಿ, ಸಾಕು. ಯಾವಾಗಲೂ ನಾನೇ ಓಡಿಸುವುದಾಯಿತು" ಅಂದಿದ್ದರು. ಅವರ ಮಗ ಈಗ ಇಲ್ಲಿ ಓದು ಮುಗಿಸಿ ಹೇವರ್ಡ್‌ನ ಒಂದು ಪ್ರಯೋಗಾಲಯದಲ್ಲಿ ಕೆಲಸಕ್ಕೆ ಸೇರಿದ್ದಾನೆ. ಪಾಳಿ ಮುಗಿಯುವುದು ರಾತ್ರಿ ಹನ್ನೊಂದಕ್ಕೆ. ಕಂಪನಿ ಬಸ್ಸು ಇಲ್ಲ. ಸ್ಟೇಷನ್ನಿಗೆ ಎರಡೂವರೆ ಮೈಲಿ, ಗೋದಾಮುಗಳ ನಡುವೆ, ಒಬ್ಬನೇ. ಒಂದು ತಿಂಗಳು ನಡೆದ. ಅಮ್ಮನಿಗೆ ಮಾತ್ರ ಗೆಳೆಯ ಬಿಡುತ್ತಾನೆ ಎಂದು ಹೇಳುತ್ತಿದ್ದ.

ಕೀಲಿ ಕೊಟ್ಟರೆ ಮುಗಿಯಿತು ಅಂದುಕೊಂಡಿದ್ದೆವು. ಇಲ್ಲಿಯ ಸ್ಮಾಗ್ ಚೆಕ್ ನೆನಪಿರಲಿಲ್ಲ. ಎಂಟು ವರ್ಷಕ್ಕಿಂತ ಹಳೆಯ ಪೆಟ್ರೋಲ್ ಕಾರಿಗೆಲ್ಲ ಎರಡು ವರ್ಷಕ್ಕೊಮ್ಮೆ ಹೊಗೆಯ ಪರೀಕ್ಷೆ. ನಮ್ಮದು ಹೋದ ವರ್ಷ ಪಾಸಾಗಿತ್ತು. ಆದರೆ ಕಾರು ಕೈ ಬದಲಾಗುವಾಗ ತೊಂಬತ್ತು ದಿನದೊಳಗಿನ ಹೊಸ ಸರ್ಟಿಫಿಕೇಟ್ ಬೇಕು, ಅದನ್ನು ಮಾಡಿಸಿಕೊಡುವುದು ಮಾರುವವರ ಹೊಣೆ. ಗಂಡ ಹೆಂಡತಿ, ತಂದೆ ತಾಯಿ, ಮಕ್ಕಳು, ಅಜ್ಜ ಅಜ್ಜಿ, ಮೊಮ್ಮಕ್ಕಳು, ಒಡಹುಟ್ಟಿದವರು, ಇವರ ನಡುವೆಯಾದರೆ ಬೇಡ. ಪಟ್ಟಿಯನ್ನು ಎರಡು ಸಲ ಓದಿದೆವು. ಅಕ್ಕ ಇದ್ದಾಳೆ, ಅಕ್ಕನ ಮಗ ಇಲ್ಲ! ಅಳಿಯಸಂತಾನದ ಊರಿನಿಂದ ಬಂದವರು ನಾವು. ಮಾವನ ಮನೆ, ಗದ್ದೆ, ಯಜಮಾನಿಕೆ ಎಲ್ಲ ಸೋದರಳಿಯನಿಗೆ ಹೋಗುತ್ತಿದ್ದ ನಾಡು. ಕ್ಯಾಲಿಫೋರ್ನಿಯದಲ್ಲಿ ಒಂದು ಹಳೆ ಕೊರೊಲಾ ಕೂಡ ನೇರ ಹೋಗುವಂತಿಲ್ಲ.

ಸರಿ, ಪರೀಕ್ಷೆಗೆ ಒಯ್ದೆವು. 2000ದಿಂದೀಚಿನ ಕಾರಾದರೆ ಸ್ಟಿಯರಿಂಗಿನ ಕೆಳಗೆ ಒಂದು ತಂತಿ ಸಿಕ್ಕಿಸಿ ಕಾರಿನ ಕಂಪ್ಯೂಟರನ್ನೇ ಕೇಳುತ್ತಾರೆ. ನಮ್ಮದು ಸತ್ಯ ಹೇಳಿಬಿಟ್ಟಿತು. ಕ್ಯಾಟಲಿಟಿಕ್ ಕನ್ವರ್ಟರ್ ಹೋಗಿದೆ, ಫೇಲು. ಪರಿಚಯದವರೊಬ್ಬರು, "ಬ್ಯಾಟರಿ ಕಳಚಿ ಹಾಕಿ, ದೀಪ ಆರುತ್ತದೆ" ಅಂದರು. ದೀಪವೇನೋ ಆರುತ್ತದೆ. ಆದರೆ ನೆನಪು ಅಳಿಸಿಹೋದ ಕಂಪ್ಯೂಟರು 'ಇನ್ನೂ ತಯಾರಿಲ್ಲ' ಎನ್ನುತ್ತದೆ. ಕೆಲವು ದಿನ ಊರೊಳಗೂ ಹೆದ್ದಾರಿಯಲ್ಲೂ ಓಡಿಸಿದ ಮೇಲೆ ಅದು ತಯಾರಾಗುವ ಹೊತ್ತಿಗೆ ದೀಪವೂ ಮತ್ತೆ ಹತ್ತಿರುತ್ತದೆ. ಹೊಸ ಕನ್ವರ್ಟರ್ ಹಾಕಿಸೋಣವೆಂದರೆ ಈ ರಾಜ್ಯ ಒಪ್ಪಿದ್ದೇ ಆಗಬೇಕು, ಅದು ಬೇರೆ ರಾಜ್ಯದಲ್ಲಿ ಸಿಗುವುದಕ್ಕಿಂತ ದುಬಾರಿ. ಮೆಕ್ಯಾನಿಕ್ ಹೇಳಿದ ಲೆಕ್ಕ 1,640 ಡಾಲರ್. ಕಾರಿನ ಬೆಲೆ ಹೆಚ್ಚೆಂದರೆ 2,800. ಇನ್ನೊಂದು ದಾರಿಯೂ ಇತ್ತು. ನಿಯಮಕ್ಕೆ ಹೊಂದುವ ಹಳೆಯ ಗಾಡಿಗೆ ಸರ್ಕಾರವೇ ಸಾವಿರ ಡಾಲರಿಗೂ ಹೆಚ್ಚು ಕೊಟ್ಟು ಗುಜರಿಗೆ ಕಳಿಸುತ್ತದೆ.

ಆ ರಾತ್ರಿ ನಮ್ಮಿಬ್ಬರಲ್ಲಿ ಮಾತು ಬೆಳೆಯಿತು. ಒಬ್ಬರ ಮಾತು, ಗುಜರಿಯ ದುಡ್ಡಿಗೆ ಈ 1,640 ಸೇರಿಸಿ ಹುಡುಗನ ಕೈಗೆ ಕೊಡೋಣ, ಸ್ವಲ್ಪ ಹೊಸದನ್ನೇ ಕೊಳ್ಳಲಿ. ಬುದ್ಧಿವಂತರ ಮಾತೇ. ಇನ್ನೊಬ್ಬರದು, ಇದರ ಎಂಜಿನ್, ಬ್ರೇಕು, ಟೈರು ಎಲ್ಲ ನಮಗೆ ಗೊತ್ತು. ಆ ದುಡ್ಡಿಗೆ ಬರುವ ಬೇರೆ ಗಾಡಿಯ ಹೊಟ್ಟೆಯಲ್ಲಿ ಏನಿದೆಯೋ ಯಾರು ಕಂಡವರು? ರಾತ್ರಿ ಹನ್ನೊಂದಕ್ಕೆ ಹೆದ್ದಾರಿಯಲ್ಲಿ ನಿಂತುಬಿಟ್ಟರೆ? ಅಷ್ಟರಲ್ಲಿ ಶಾರ್ಜಾದಿಂದ ಫೋನು. "ಹ್ವಾಯ್, ಆ ಗಾಡಿ ಎಂತ ಆಯ್ತ್?" ಬಾವನಿಗೆ ವಿಷಯ ಹೇಳಿದೆವು, ದುಡ್ಡಿನ ಲೆಕ್ಕ ಬಿಟ್ಟು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಎಂಜಿನ್ ಎಣ್ಣೆ ಕುಡಿಯುತ್ತದಾ?" ಎಂದು ಕೇಳಿದರು. ಇಲ್ಲ ಅಂದೆವು. "ಹಾಗಾದರೆ ಬಿಡಬೇಡಿ. ಖರ್ಚು ನಾನು ಕಳಿಸುತ್ತೇನೆ." ಕಳಿಸಲು ಬಿಡಲಿಲ್ಲವೆಂದು ಬೇರೆ ಹೇಳಬೇಕಿಲ್ಲ. ಮರುವಾರ ಕನ್ವರ್ಟರ್ ಹಾಕಿಸಿದೆವು, ಪಾಸಾಯಿತು.

ನಿಮ್ಮ ಮಕ್ಕಳು ಯಾರಾದರೂ ಇತ್ತ ಬರುವುದಿದ್ದರೆ ಒಂದೆರಡು ಮಾತು ನೆನಪಿಟ್ಟುಕೊಳ್ಳಲಿ. ಗಲ್ಫಿನಲ್ಲಿ ಓಡಿಸಿದವರಿಗೆ ಬಲಬದಿಯ ಸಂಚಾರ ಅಭ್ಯಾಸವಾಗಿರುವುದು ದೊಡ್ಡ ಲಾಭ. ನಾಲ್ಕೂ ಕಡೆ 'ಸ್ಟಾಪ್' ಫಲಕವಿರುವ ಕೂಡುರಸ್ತೆಯಲ್ಲಿ ಮಾತ್ರ ರೌಂಡ್‌ಅಬೌಟಿನ ಬುದ್ಧಿ ನಡೆಯದು. ಎಲ್ಲರೂ ಪೂರ್ತಿ ನಿಲ್ಲಬೇಕು, ಮೊದಲು ಬಂದವರು ಮೊದಲು ಹೋಗಬೇಕು. ವಿಮೆಯವರು ಅಲ್ಲಿಯ ನಿಮ್ಮ ಹತ್ತು ವರ್ಷದ ಅನುಭವವನ್ನು ಲೆಕ್ಕಕ್ಕೆ ಹಿಡಿಯದಿರಬಹುದು, ನಮ್ಮದನ್ನಂತೂ ಹಿಡಿಯಲಿಲ್ಲ. ಕನಿಷ್ಠ ವಿಮೆಯ ಮೊತ್ತವೂ 2025ರಿಂದ ಏರಿದೆ. ಇನ್ನು ಮಾರಾಟ. ಅಲ್ಲಿ ದಂಡ ಬಾಕಿಯಿದ್ದರೆ ಮುಲ್ಕಿಯಾ ಹೆಸರು ಬದಲಾಗುವುದೇ ಇಲ್ಲ. ಇಲ್ಲಿ ಮನೆಯ ಮುಂದೆ ನಿಂತು 'ಪಿಂಕ್ ಸ್ಲಿಪ್'ಗೆ ಸಹಿ ಹಾಕಿ ಕೊಟ್ಟುಬಿಡಬಹುದು. ಈಗ ಅದು ಪಿಂಕ್ ಅಲ್ಲ, ಹೆಸರು ಮಾತ್ರ ಉಳಿದಿದೆ. ಆದರೆ ಐದು ದಿನದೊಳಗೆ 'ಇನ್ನು ಈ ಗಾಡಿ ನಮ್ಮದಲ್ಲ' ಎಂದು ಡಿಎಂವಿಗೆ ತಿಳಿಸಲೇಬೇಕು. ಮರೆತ ನಮ್ಮ ಸ್ನೇಹಿತರೊಬ್ಬರಿಗೆ, ಯಾರೋ ದಾಟಿದ ಸೇತುವೆಯ ಟೋಲ್ ಬಿಲ್ಲು ತಿಂಗಳುಗಟ್ಟಲೆ ಬರುತ್ತಿತ್ತು.

ಹುಡುಗ ಮೊದಲ ರಜೆಯ ದಿನವೇ ಗಾಡಿ ತೆಗೆದುಕೊಂಡು ಹೊರಟ. 92ನೇ ರಸ್ತೆ, ಸ್ಯಾನ್ ಮಟೇಯೊ ಸೇತುವೆ (ಏಳು ಮೈಲಿ ನೀರಿನ ಮೇಲೆ, ಟೋಲು ಹೋಗುವಾಗ ಮಾತ್ರ), ಆಮೇಲೆ ಗುಡ್ಡ ಹತ್ತಿ ಇಳಿದರೆ ಹಾಫ್ ಮೂನ್ ಬೇ. ಅಲ್ಲಿಂದ ಕಡಲ ಪಕ್ಕದಲ್ಲೇ ಒಂದನೇ ನಂಬರಿನ ರಸ್ತೆ. ನಮಗೆ ಪ್ರತಿ ಸಲವೂ ಮರವಂತೆ ನೆನಪಾಗುತ್ತದೆ, ಆಚೆ ಪಕ್ಕ ಸೌಪರ್ಣಿಕೆ ಇಲ್ಲ ಅಷ್ಟೇ. ಅಲ್ಲಿ ನಿಲ್ಲಿಸಿ ಅವನು ಅಪ್ಪನಿಗೆ ವಿಡಿಯೊ ಕಾಲ್ ಮಾಡಿದ. ನಾವೂ ಕಾಲ್‌ನಲ್ಲಿದ್ದೆವು. ಮಂಜು, ಅಲೆ, ಬಂಡೆ, ನಡುವೆ ನಮ್ಮ ಬೂದು ಬಣ್ಣದ ಕೊರೊಲಾ. ಬಾವ ಕ್ಯಾಂಪಿನ ಮಂಚದ ಮೇಲೆ ಕೂತು ಎಲ್ಲವನ್ನೂ ನೋಡಿದರು. ಕಡಲಿನ ಬಗ್ಗೆ ಒಂದು ಮಾತೂ ಇಲ್ಲ.

"ಎ.ಸಿ. ಲಾಯ್ಕ್ ಇತ್ತಾ?" ಅಂದರು.

ಸ್ವೆಟರ್ ಹಾಕಿಕೊಂಡು ನಡುಗುತ್ತಿದ್ದ ಹುಡುಗ, ಎ.ಸಿ. ಹಾಕಿ ನೋಡಲು ಕಾರಿನೊಳಗೆ ಹೋದ.