ಸೈಕಲ್ಲೂ ಸಂಜೆಯ ಊಟವೂ



ಎರಡು ವರ್ಷದ ಹಿಂದೆ ಚಾತುರ್ಮಾಸ ಆರಂಭವಾದಾಗ ನಮ್ಮ ಮನೆಯಲ್ಲಿ ಒಂದು ನಿಯಮ ಹಿಡಿದೆವು. ಸೋಲಾಪುರದ ಊರೊಳಗಿನ ಓಡಾಟಕ್ಕೆ 4 ತಿಂಗಳು ಕಾರು ಹೊರಗೆ ತೆಗೆಯಬಾರದು. ಮನೆಯವರ ಕಚೇರಿ 5 ಕಿಲೋಮೀಟರ್, ಮಗಳ ಶಾಲೆ 2. ಇಂಥ ಹತ್ತಿರದ ಓಡಾಟದಲ್ಲೇ ಕಾರು ಹೆಚ್ಚು ಪೆಟ್ರೋಲ್ ಕುಡಿಯುವುದು. ಇಂಜಿನ್ ಬಿಸಿಯಾಗುವಷ್ಟರಲ್ಲಿ ಶಾಲೆಯೇ ಬಂದಿರುತ್ತದೆ.

ಮಳೆಗೆ ಹೆದರಿದ್ದೆವು. ನಮ್ಮ ಕಡೆ ಮಳೆಯೇನು ಮಹಾ! ಕಾಡಿದ್ದು ಎರೆಮಣ್ಣು. ಡಾಂಬರು ಕಿತ್ತ ಕಡೆ ಒಮ್ಮೆ ಇಳಿದರೆ ಸಾಕು, ಮಡ್‌ಗಾರ್ಡಿನೊಳಗೆ ಮೆತ್ತಿಕೊಂಡು ಗಾಲಿಯೇ ತಿರುಗದು. ಮಣ್ಣು ಕೆದರಲೆಂದು ಮಗಳು ಕ್ಯಾರಿಯರಿಗೆ ಒಂದು ಕಡ್ಡಿ ಕಟ್ಟಿಕೊಂಡೇ ಹೋಗುತ್ತಿದ್ದಳು. ಕಾರ್ತಿಕ ಕಳೆದ ಮೇಲೆ, "ಅವ್ವಾ, ನಿಯಮ ಮುಗೀತಂತ ಸೈಕಲ್ ಯಾಕ ಬಿಡೂದು?" ಎಂದಳು. ಸರಿ, ಮುಂದುವರಿಸಿದೆವು.

ಪೇಚು ಬಂದದ್ದು ಆಗ. ಚಳಿಗಾಲದಲ್ಲಿ ಇಲ್ಲಿ 6 ಗಂಟೆಗೆ ಮೊದಲೇ ಸೂರ್ಯ ಮುಳುಗುತ್ತಾನೆ. ಮನೆಯವರು ಐದೂವರೆಗೆ ಕಚೇರಿ ಬಿಟ್ಟು, 25 ನಿಮಿಷ ತುಳಿದು ಬಂದು ಕೈಕಾಲು ತೊಳೆಯುವಷ್ಟರಲ್ಲಿ ಹೊತ್ತು ಮುಳುಗಿರುತ್ತಿತ್ತು. 3 ದಿನ ಉಪವಾಸವೇ ಮಲಗಿದರು. ಮಗ ಉಣ್ಣಲಿಲ್ಲವೆಂದು ಅತ್ತೆಯವರೂ ಉಣ್ಣಲಿಲ್ಲ. ನಾಲ್ಕನೆಯ ದಿನ, "ಕಾರು ಮಾರಿಬಿಡ್ರಿ, ಇಲ್ಲಾ ಹೊರಗ ತಗೀರಿ. ನಡುವ ನನ್ನ ಹೊಟ್ಟಿ ಯಾಕ ಸುಡ್ತೀರಿ?" ಎಂದರು. ತಪ್ಪು ನಮ್ಮದೇ, ನಿಯಮ ಹಿಡಿಯುವಾಗ ಅವರನ್ನು ಒಂದು ಮಾತು ಕೇಳಿರಲಿಲ್ಲ. ಅಂದಿನಿಂದ ಚಳಿಗಾಲದಲ್ಲಿ ಎರಡು ಡಬ್ಬಿ ಕಟ್ಟುತ್ತೇನೆ. 5 ಗಂಟೆಯ ಚಹಾದ ಬಿಡುವಿನಲ್ಲಿ ಮನೆಯವರು ಅಲ್ಲೇ ರೊಟ್ಟಿ ಉಣ್ಣುತ್ತಾರೆ, ಇಲ್ಲಿ ಅದೇ ಹೊತ್ತಿಗೆ ಅತ್ತೆಯವರು ತಾಟಿಗೆ ಕೂಡುತ್ತಾರೆ.

ಬೇಸಿಗೆಯ ಮಾತು ಬೇರೆ. 40 ಡಿಗ್ರಿ ದಾಟಿದ ದಿನ ತಲೆಗೆ ಒದ್ದೆ ಟವೆಲ್ಲು, ಜೊತೆಗೆ ಒಂದು ಬಾಟಲಿ ಮಜ್ಜಿಗೆ. ಅದಕ್ಕೂ ಮೀರಿದರೆ ಸಿಟಿ ಬಸ್ಸು. ಹಟ ಸಾಧಿಸಲು ಹೊರಟವರಲ್ಲ ನಾವು.

ಇನ್ನೊಂದು ಪಾಠ ದುಬಾರಿಯಾಯಿತು. ಫೆಬ್ರವರಿಯ ಒಂದು ನಡುರಾತ್ರಿ ಅತ್ತೆಯವರಿಗೆ ಉಸಿರು ಕಟ್ಟಿದಂತಾಯಿತು. ಕಾರು ಹೊರಡಲಿಲ್ಲ, ವಾರಗಟ್ಟಲೆ ನಿಂತು ಬ್ಯಾಟರಿ ಇಳಿದುಹೋಗಿತ್ತು. ಎದುರು ಮನೆಯವರು ಎದ್ದು ತಮ್ಮ ಗಾಡಿ ತೆಗೆಯದಿದ್ದರೆ ಏನಾಗುತ್ತಿತ್ತೋ. ನಿಂತಲ್ಲೇ ಎರಡು ನಿಮಿಷ ಚಾಲೂ ಮಾಡಿಟ್ಟರೆ ಬ್ಯಾಟರಿ ತುಂಬುವುದಿಲ್ಲ, ಅರ್ಧ ಗಂಟೆಯಾದರೂ ಓಡಿಸಬೇಕೆಂದು ಮೆಕ್ಯಾನಿಕ್ ಹೇಳಿದ. ಹೀಗಾಗಿ ಈಗ ಪ್ರತಿ ಭಾನುವಾರ ಅತ್ತೆಯವರನ್ನು ಕೂಡಿಸಿಕೊಂಡು ಮಂದಿರಕ್ಕೆ ಹೋಗಿ, ಊರು ಸುತ್ತಿ ಬರುತ್ತೇವೆ. ಅಂದು ಮುಂದಿನ ಸೀಟನ್ನು ಅವರು ಯಾರಿಗೂ ಬಿಡುವುದಿಲ್ಲ.