ಚೆಲ್ಲಿದವರೇ ಆರಿಸಬೇಕು

ಲಾವೋಸ್ ಅನ್ನೋ ದೇಶದ ಹೆಸರು ನಮ್ಮ ಜತ್ತ ತಾಲೂಕಿನೊಳಗ ಭಾಳ ಮಂದಿ ಕೇಳಿರಲಿಕ್ಕಿಲ್ಲ. ವಿಯೆಟ್ನಾಂ ಬಾಜೂಕ ಐತಿ. ನಮ್ಮಂಗ ಒಕ್ಕಲುತನದ ದೇಶ. ಅವರು ಭತ್ತ ಬೆಳೀತಾರ, ನಾವು ಜೋಳ ಬೆಳೀತೀವಿ, ಅಷ್ಟ ಫರಕು. ಆ ದೇಶದ ಮ್ಯಾಲ ಅಮೆರಿಕ ಯುದ್ಧ ಸಾರಿರಲೇ ಇಲ್ಲ. ಆದರೂ 1964ರಿಂದ 1973ರ ತನಕ 20 ಲಕ್ಷ ಟನ್ನಿಗೂ ಹೆಚ್ಚು ಬಾಂಬು ಸುರೀತು. ವಿಮಾನಗಳು 5,80,000 ಸಲ ಬಂದು ಹೋದವು. ನಾ ಹಂತಿ ಪದ ಹಾಡೋ ಮನಷ್ಯಾ, ಲೆಕ್ಕದ ಮಾಸ್ತರ ಅಲ್ಲ. ಆದರ ಭಾಗಿಸಿ ನೋಡ್ರಿ: ಒಂಬತ್ತು ವರ್ಷ, ಹಗಲೂ ರಾತ್ರಿ, ಎಂಟು ನಿಮಿಷಕ್ಕ ಒಂದು.

ಅದರಾಗ ಒಂದು ನಮೂನಿ ಬಾಂಬು ಕೆಟ್ಟದ್ದು. ದೊಡ್ಡ ಡಬ್ಬಿ ಆಕಾಶದಾಗ ಬಾಯಿ ಬಿಟ್ಟು ನೂರಾರು ಮರಿಬಾಂಬು ಚೆಲ್ಲತದ. ಚೆಂಡಿನಷ್ಟ ದಪ್ಪ, ಮೈತುಂಬ ಉಕ್ಕಿನ ಗುಂಡು. ಅಲ್ಲಿಯ ಮಂದಿ ಅದಕ್ಕ ‘ಬಾಂಬಿ’ ಅಂತಾರ. ಅಂಥವು 27 ಕೋಟಿ ಬಿದ್ದವು. ಕೆಸರಾಗ ಬಿದ್ದವು, ಗಿಡಕ್ಕ ಸಿಕ್ಕವು ಸಿಡಿಯಲಿಲ್ಲ. ಹಂಗ ಉಳಿದದ್ದು ಸುಮಾರು 8 ಕೋಟಿ. ಯುದ್ಧ ಮುಗಿದ ಮ್ಯಾಲೆ 20,000ಕ್ಕೂ ಹೆಚ್ಚು ಮಂದಿ ಸತ್ತಾರ ಇಲ್ಲಾ ಕೈಕಾಲು ಕಳಕೊಂಡಾರ. ಗುದ್ದಲಿ ಹಾಕಿದ ರೈತ, ಗುಜರಿ ಆರಿಸಿದ ಹುಡುಗ, ಹೊಲದಾಗ ಒಲಿ ಹಚ್ಚಿದ ಹೆಣಮಗಳು.

ಇದನ್ನ ತೆಗೆಯೋದು ಕಳೆ ತೆಗೆದಂಗ ಅಲ್ಲ. ಹೊಲಕ್ಕ ದಾರ ಕಟ್ಟಿ ಪಟ್ಟಿ ಮಾಡಬೇಕು. ಯಂತ್ರ ಹಿಡಕೊಂಡು ಹೆಜ್ಜಿ ಹೆಜ್ಜಿ ಹೋಗಬೇಕು. ಮೊಳೆ ಇದ್ದರೂ ಅದು ಕೂಗತದ. ಕೂಗಿದಲ್ಲೆಲ್ಲ ಮೊಣಕಾಲೂರಿ, ಮಣ್ಣು ಬಗಲಿನಿಂದ ಮೆಲ್ಲಕ ಕೆರೀಬೇಕು. ಸಿಕ್ಕರ ಎತ್ತಾಂಗಿಲ್ಲ, ಊರ ಮಂದೀನ ದೂರ ಕಳಿಸಿ ಅಲ್ಲೇ ಸಿಡಿಸಬೇಕು. ಮಳಿ ಹಿಡಿದರ ಕೆಲಸ ಕುಂಟತದ. ಇದಕ್ಕಂತ 1996ರಾಗ ಅಲ್ಲಿಯ ಸರಕಾರ ಒಂದು ಸಂಸ್ಥಾನೇ ಮಾಡೇತಿ. ಅದು ಇನ್ನೂ ಅಗಿಯಾಕತ್ತೇತಿ.

2016ರಾಗ ಒಬಾಮಾ ಅಲ್ಲಿಗೆ ಹೋಗಿ ಮೂರು ವರ್ಷಕ್ಕ 9 ಕೋಟಿ ಡಾಲರ್ ಕೊಡ್ತೀವಿ ಅಂದರು. ಎಲ್ಲಾರೂ ಅದಕ್ಕ ‘ನೆರವು’ ಅಂದರು. ನನ್ನ ಸಿಟ್ಟು ಈ ಶಬ್ದದ ಮ್ಯಾಲ. ಮಂದಿ ಹೊಲದಾಗ ಜಾಲಿಮುಳ್ಳು ಚೆಲ್ಲಿದಾಂವ ಎರಡು ಬುಟ್ಟಿ ಆರಿಸಿಕೊಟ್ಟರ ಅದು ದಾನ ಆಗತದೇನ್ರಿ? ಅದು ಸಾಲ. ದಾನ ಅಂದಾಗೇ ಕೊಡೋದು ಬಿಡೋದು ಕೊಡುವಾತನ ಮರ್ಜಿ ಆಗತದ. 2025ರ ಜನವರಿಯಾಗ ಅಮೆರಿಕ ಪರದೇಶಕ್ಕ ಕೊಡೋ ರೊಕ್ಕ ತಡೆಹಿಡೀತು, ನೆಲದಾಗಿನ ಬಾಂಬು ತೆಗೆಯೋ ಕೆಲಸಕ್ಕೂ ಪೆಟ್ಟು ಬಿತ್ತು. ಸಾಲ ಅಂತ ಬರದಿದ್ದರ ಹಂಗ ಕೈ ಎತ್ತಾಕ ಬರತಿತ್ತೇನು?

ಚೆಲ್ಲಿದವರೆಲ್ಲ ಮುದುಕರಾದರು, ಸತ್ತರು, ಈಗಿನವರದೇನು ತಪ್ಪು ಅಂತ ಕೇಳೋರು ಅದಾರ. ಅಪ್ಪ ಸತ್ತರ ಸೊಸೈಟಿಯವರು ಮಗನ ಮನೀಗೆ ನೋಟೀಸು ಕಳಸೂದಿಲ್ಲೇನು? ಅಮೆರಿಕ ಅನ್ನೋ ಮನಿ ಇನ್ನೂ ಗಟ್ಟಿ ನಿಂತೇತಿ.

ಇಂಥ ಬಾಂಬು ಬ್ಯಾಡ ಅಂತ 2008ರಾಗ ಓಸ್ಲೋದಾಗ ಒಪ್ಪಂದ ಆತು, 2010ರಾಗ ಜಾರಿಗೆ ಬಂತು. ಒಳ್ಳೇದ. ಆದರ ಅದರೊಳಗೂ ನೆಲ ಹಸನ ಮಾಡೋ ಹೊಣಿ ನೆಲದ ಒಡೆಯಂದು, ಹತ್ತು ವರ್ಷದ ಗಡುವು ಬ್ಯಾರೆ! ಹಾಕಿ ಹೋದಾತಗ ‘ಸಹಾಯ ಮಾಡ್ರಿ’ ಅಂತ ಒತ್ತಿ ಹೇಳ್ಯಾರ, ಅಷ್ಟ. ಲಾವೋಸ್ ಸಹಿ ಮಾಡಿತು, ಗಡುವು ಮೀರಿತು, ಮತ್ತ ಮುಂದಕ್ಕ ಹಾಕಿಸಿಕೊಂಡಿತು. ಅಮೆರಿಕ ಸಹೀನೇ ಮಾಡಿಲ್ಲ.

ನಮ್ಮ ಭಾರತಾನೂ ಮಾಡಿಲ್ಲ. ದೇಶಕ್ಕ ರಕ್ಷಣಾ ಬೇಕು, ಖರೆ. ಆದರ 2001ರ ಕಡೀಕ ಗಡಿಯಾಗ ನೆಲಬಾಂಬು ಹುಗಿದಾಗ ಪಂಜಾಬ, ರಾಜಸ್ಥಾನದಾಗ ರೈತರ ಹೊಲಾನೂ ಹೋದವು. ಸೈನ್ಯ ತೆಗೆಯೋ ತನಕ ಬಿತ್ತಿಗಿ ಇಲ್ಲ. ಓಟು ಕೇಳಾಕ ಬಂದವರನ್ನ ಗಟಾರ, ರಸ್ತಾ ಕೇಳೋ ಹೊತ್ತಿನ್ಯಾಗ ಈ ಸಹಿ ಯಾಕ ಇಲ್ಲ ಅಂತಾನೂ ಕೇಳ್ರಿ.