ಎಲೆಯಾಟದ ಲೆಕ್ಕ, ಕಾನೂನಿನ ಲೆಕ್ಕ

ಇಸ್ಪೀಟಿನ ಆಟಗಳಲ್ಲಿ ಡ್ರಾ ಪೋಕರ್ ಸರಳವಾದುದು. ಪ್ರತಿಯೊಬ್ಬರಿಗೂ ಐದು ಎಲೆಗಳು. ಬೇಡವಾದವನ್ನು ಒಮ್ಮೆ ಬದಲಿಸಿಕೊಳ್ಳಲು ಅವಕಾಶ. ಅದಕ್ಕೆ ಮೊದಲೊಂದು ಸುತ್ತು, ಅನಂತರ ಒಂದು ಸುತ್ತು ಪಣ. ಇದರಲ್ಲಿ ಮತ್ತೆ ಮತ್ತೆ ಸೋಲುವವರು ಮಾಡುವ ತಪ್ಪುಗಳು ಕೆಲವೇ. ಮನೆಯಲ್ಲಿ ಹುಣಸೆ ಬೀಜಗಳನ್ನು ಪಣವಾಗಿಟ್ಟು ಅವುಗಳನ್ನು ಪರೀಕ್ಷಿಸಿದರೆ ಶಾಲೆಯ ಸಂಭವನೀಯತೆಯ ಪಾಠವೇ ಕಣ್ಣೆದುರು ನಿಲ್ಲುತ್ತದೆ.

ಮೊದಲನೆಯ ತಪ್ಪು, ಆಸೆಯ ಬೆನ್ನು ಹತ್ತುವುದು. ಕೈಯಲ್ಲಿ ನಾಲ್ಕು ಆಟೀನು ಎಲೆಗಳಿದ್ದು, ಐದನೆಯದೂ ಆಟೀನೇ ಆಗಲೆಂದು ಒಂದೆಲೆ ಬದಲಿಸುವವನಿಗೆ ಕಾಣದ ಎಲೆಗಳು 47; ಅವುಗಳಲ್ಲಿ ಆಟೀನು 9 ಮಾತ್ರ. ಸುಮಾರು ಐದು ಪ್ರಯತ್ನಕ್ಕೆ ಒಂದು ಫಲ. ರಾಶಿಯಲ್ಲಿ 60 ಬೀಜಗಳಿದ್ದು ಮುಂದುವರಿಯಲು 20 ಹಾಕಬೇಕಾದರೆ, ಅವನು ನಾಲ್ಕು ಬಾರಿ ಒಟ್ಟು 80 ಕಳೆದುಕೊಂಡು ಒಮ್ಮೆ 60 ಗಳಿಸುತ್ತಾನೆ. 5, 6, 8, 9 ಹಿಡಿದು ನಡುವಿನ 7ಕ್ಕಾಗಿ ಕಾಯುವವನ ಸ್ಥಿತಿ ಇನ್ನೂ ಕಷ್ಟ. ಅವನಿಗೆ ಬೇಕಾದ ಎಲೆಗಳು 47ರಲ್ಲಿ 4.

ಎರಡನೆಯದು, ಜೋಡಿಯೊಂದಿಗೆ ಎಕ್ಕವನ್ನೂ ಉಳಿಸಿಕೊಂಡು ಎರಡೇ ಎಲೆ ಬದಲಿಸುವುದು. ಮೂರನ್ನು ಬದಲಿಸಿದರೆ ಜೋಡಿಗೆ ಅದೇ ಅಂಕೆಯ ಮತ್ತೊಂದು ಎಲೆ ದೊರೆಯುವ ಸಂಭವ ಎಂಟರಲ್ಲಿ ಒಂದು. ಎರಡನ್ನು ಬದಲಿಸಿದರೆ ಹನ್ನೆರಡರಲ್ಲಿ ಒಂದು. ಮೂರನೆಯದು, ಸೋತ ಕೈಯನ್ನೂ ಕೆಳಗಿಡಲಾರದೆ ಕೊನೆಯವರೆಗೂ ಪಣ ಹಾಕುವುದು.

ಜಾಣ ಆಟಗಾರ ಈ ತಪ್ಪುಗಳಿಂದಲೇ ಗಳಿಸುತ್ತಾನೆ. ಎದುರಾಳಿ ಎಷ್ಟು ಎಲೆ ಬದಲಿಸಿದನೆಂಬುದನ್ನು ಅವನು ಗಮನಿಸುತ್ತಾನೆ: ಮೂರಾದರೆ ಸಾಮಾನ್ಯವಾಗಿ ಒಂದು ಜೋಡಿ, ಒಂದಾದರೆ ಎರಡು ಜೋಡಿ ಅಥವಾ ಪೂರ್ಣವಾಗದ ಸಾಲು. ಎಲ್ಲ ಪಣಕ್ಕೂ ಒಪ್ಪುವವನ ಮುಂದೆ ಹುಸಿ ಪಣ ವ್ಯರ್ಥ. ಒಳ್ಳೆಯ ಕೈ ಬಂದಾಗ ಹೆಚ್ಚು ಕಟ್ಟುವುದೇ ಉಪಾಯ. ಬೇಗ ಬೆದರುವವನ ಮುಂದೆ ಹುಸಿ ಪಣವೇ ಫಲಿಸುತ್ತದೆ.

ಹಾಗಾದರೆ ಇದು ಕೌಶಲವೋ, ಅದೃಷ್ಟವೋ? 1968ರಲ್ಲಿ ಸರ್ವೋಚ್ಚ ನ್ಯಾಯಾಲಯವು ರಮ್ಮಿಯನ್ನು ಪ್ರಧಾನವಾಗಿ ಕೌಶಲದ ಆಟವೆಂದಿತು. ಗಿಂಡಿಯಲ್ಲೂ ಉದಕಮಂಡಲದಲ್ಲೂ ಪಂದ್ಯ ನಡೆಸುತ್ತಿದ್ದ ಮದ್ರಾಸ್ ರೇಸ್ ಕ್ಲಬ್ಬಿನ ಪ್ರಕರಣದಲ್ಲಿ, 1996ರಲ್ಲಿ, ಕುದುರೆ ಪಂದ್ಯಕ್ಕೂ ಅದೇ ನ್ಯಾಯ ದೊರೆಯಿತು. 2023ರ ನವೆಂಬರ್ 9ರಂದು ಮದ್ರಾಸ್ ಉಚ್ಚ ನ್ಯಾಯಾಲಯವು ತಮಿಳುನಾಡಿನ ಆನ್‌ಲೈನ್ ಜೂಜು ನಿಷೇಧ ಕಾಯ್ದೆಯನ್ನು ಎತ್ತಿಹಿಡಿಯುತ್ತಲೇ, ರಮ್ಮಿ ಮತ್ತು ಪೋಕರನ್ನು ಅದೃಷ್ಟದ ಆಟಗಳೆಂದು ಸೇರಿಸಿದ್ದ ಅನುಸೂಚಿಯನ್ನು ರದ್ದುಗೊಳಿಸಿತು.

ಆದರೆ ಕೌಶಲವೆಂಬ ಮಾತ್ರಕ್ಕೆ ಲಾಭ ಖಚಿತವಲ್ಲ. ಆರು ಜನ ತಲಾ 100 ಬೀಜಗಳೊಡನೆ ಕುಳಿತಿರಲಿ. ಆಟ ನಡೆಸುವವನು 100 ಬೀಜಗಳ ಪ್ರತಿ ರಾಶಿಯಿಂದ 5 ಎತ್ತಿಕೊಳ್ಳಲಿ. ನಲವತ್ತು ಆಟಗಳಾಗುವಷ್ಟರಲ್ಲಿ 600ರಲ್ಲಿ 200 ಮೇಜಿನಿಂದ ಮಾಯ. ಆರೂ ಜನ ಸಮಾನ ಜಾಣರಾದರೆ ಆರೂ ಜನರಿಗೆ ನಷ್ಟ. ಯಾರಾದರೂ ಗೆಲ್ಲಬೇಕಾದರೆ ಅದೇ ಮೇಜಿನಲ್ಲಿ ಲೆಕ್ಕವರಿಯದ ಹೊಸಬನೊಬ್ಬ ಇರಲೇಬೇಕು. ಮೊಬೈಲ್ ಪರದೆಯಲ್ಲಿ ಆ ಹೊಸಬ ಬಹಳ ಸಲ ಕಾಲೇಜಿಗೆ ಈಗಷ್ಟೇ ಸೇರಿದ ಹುಡುಗ.

ತಮಿಳುನಾಡಿನ 2025ರ ನಿಯಮಗಳು ಹದಿನೆಂಟು ತುಂಬದವರು ಹಣ ಕಟ್ಟಿ ಆಡುವುದನ್ನು ನಿಷೇಧಿಸಿದವು. ನಡುರಾತ್ರಿಯಿಂದ ಬೆಳಗಿನ 5ರವರೆಗೆ ಎಲ್ಲರಿಗೂ ಪ್ರವೇಶ ಮುಚ್ಚಿದವು. ಆ ವರ್ಷದ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಕಾಯ್ದೆಯಾದರೋ ಕೌಶಲ ಮತ್ತು ಅದೃಷ್ಟಗಳ ಭೇದವನ್ನೇ ಬದಿಗಿಟ್ಟು, ಹಣದ ಆನ್‌ಲೈನ್ ಆಟ ನಡೆಸುವವರಿಗೆ ಮೂರು ವರ್ಷಗಳವರೆಗೆ ಸೆರೆ, ಒಂದು ಕೋಟಿ ರೂಪಾಯಿವರೆಗೆ ದಂಡ ಗೊತ್ತುಪಡಿಸಿದೆ. ಆಡಿದವರಿಗೆ ಅದರಲ್ಲಿ ಶಿಕ್ಷೆಯಿಲ್ಲ. ಆದುದರಿಂದ ಹಣ ಕಳೆದುಕೊಂಡ ಮಗ ಶಿಕ್ಷೆಗೆ ಅಂಜಿ ವಿಷಯವನ್ನು ಮುಚ್ಚಿಡಬೇಕಾಗಿಲ್ಲ. ವಂಚನೆಯಾಗಿದ್ದರೆ 1930 ಸಂಖ್ಯೆಗೆ ತಡಮಾಡದೆ ಕರೆ ಮಾಡಬೇಕು. ಸಾಲ ಮಾಡಿ ಆಡಿದ್ದರೆ, ಕಳೆದುದನ್ನು ಮರಳಿ ಗೆಲ್ಲಲು ಇನ್ನೊಂದು ಸಾಲ ಮಾಡುವ ಮೊದಲೇ ಮಾತು ಮನೆಯವರ ಕಿವಿಗೆ ಬೀಳಬೇಕು.